ಅಪ್‌ಡೇಟ್: ಹಂಡೆ ಒಲೆಯ ಹೊಗೆ ಮನೆಯೊಳಗೆ ಬರಲು ಕಾರಣ ಸಿಕ್ಕಿತು

ಅಡುಗೆಮನೆಯ ಎಲೆಕ್ಟ್ರಿಕ್ ಚಿಮಣಿ ಹಾಕಿದಾಗಲೆಲ್ಲ ಪಕ್ಕದ ಬಚ್ಚಲಿನ ಹಂಡೆ ಒಲೆ ಮನೆಯೊಳಗೇ ಹೊಗೆ ಉಗುಳುತ್ತದೆ, ಯಾಕೆ ಎಂದು ಹಿಂದೆ ಇಲ್ಲಿ ನಿಮ್ಮನ್ನು ಕೇಳಿದ್ದೆ. ಮನೆ ಉಡುಪಿಯಲ್ಲಿ. ಒಲೆಯ ಹೊಗೆಕೊಳವೆ ಮಸಿಯಿಂದ ಕಟ್ಟಿಕೊಂಡಿರಬೇಕು ಎಂದು ಹೆಚ್ಚಿನವರು ಹೇಳಿದಿರಿ. ಸ್ವಚ್ಛ ಮಾಡಿಸಿದೆವು, ಮಸಿಯೂ ಬಂತು, ತೊಂದರೆ ಮಾತ್ರ ಹಾಗೇ ಉಳಿಯಿತು.

ವಿಷಯ ಸ್ಪಷ್ಟವಾದದ್ದು ಊದುಬತ್ತಿಯಿಂದ. ಕಿಟಕಿ ಬಾಗಿಲು ಮುಚ್ಚಿ, ಚಿಮಣಿ ಹಾಕಿ, ತಣ್ಣಗಿದ್ದ ಒಲೆಯ ಬಾಯಿಗೆ ಊದುಬತ್ತಿ ಹಿಡಿದೆ. ಹೊಗೆಯ ಎಳೆ ನೇರ ನನ್ನ ಮುಖಕ್ಕೆ ಬಂತು. ಅಡುಗೆಮನೆ ಕಿಟಕಿ ತೆರೆದದ್ದೇ ತಡ, ಅದೇ ಎಳೆ ತಿರುಗಿ ಒಲೆಯೊಳಗೆ ಹೋಯಿತು. ಚಿಮಣಿ ಹೊರದಬ್ಬಿದಷ್ಟು ಗಾಳಿ ಎಲ್ಲಿಂದಲಾದರೂ ಒಳಬರಲೇಬೇಕು. ಗಂಟೆಗೆ 1200 ಘನ ಮೀಟರ್ ಎಳೆಯುವ ಚಿಮಣಿಗಳು ಈಗ ಸಾಮಾನ್ಯ. ಜಡಿಮಳೆಗೆ ಮನೆಯೆಲ್ಲ ಮುಚ್ಚಿರುವಾಗ ಗಾಳಿಗೆ ಸುಲಭದ ದಾರಿ ಹೊಗೆಕೊಳವೆಯೇ.

ಈಗ ಒಲೆಯ ಹತ್ತಿರ ಹೊರಗೋಡೆಗೆ ಜಾಲರಿ ಹಾಕಿದ ಗಾಳಿಕಂಡಿ ಬಿಡಿಸಿದ್ದೇವೆ, ಮೇಲೆ ಸಣ್ಣ ಸಜ್ಜೆ. ಒಳಬಾಗಿಲಿನ ಸಂದಿಗೆ ರಬ್ಬರ್ ಪಟ್ಟಿ. ಬೆಂಕಿ ಇರುವಾಗ ಚಿಮಣಿ ಬೇಕೇಬೇಕೆಂದರೆ ಅಡುಗೆಮನೆ ಕಿಟಕಿ ತೆರೆದಿರಬೇಕು.

ಕೆಂಡದ ಬಗ್ಗೆ ಎಚ್ಚರಿಸಿದವರಿಗೆ ವಿಶೇಷ ಧನ್ಯವಾದ. ಹೊಗೆ ನಿಂತ ಮೇಲೂ ತೆಂಗಿನ ಚಿಪ್ಪಿನ ಕೆಂಡ ಕಾರ್ಬನ್ ಮಾನಾಕ್ಸೈಡ್ ಬಿಡುತ್ತಲೇ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅಮ್ಮ ಮಲಗುವ ಕೋಣೆ ಬಚ್ಚಲಿಗೆ ತಾಗಿಕೊಂಡೇ ಇದೆ, ಹಾಗಾಗಿ ಅಲ್ಲಿ ಆ ಅನಿಲದ ಅಲಾರಂ ಹಾಕಿಸಿದ್ದೇವೆ. ಹೊಗೆ ಗುರುತಿಸುವ ಅಲಾರಂ ಬೇರೆ, ಇದು ಬೇರೆ. ಕೊಳ್ಳುವಾಗ ಕೇಳಿಯೇ ತೆಗೆದುಕೊಳ್ಳಿ.