ಒತ್ತಡದ ರಜೆಯಲ್ಲಿದ್ದವನ ಫೋಟೋ ಇನ್‌ಸ್ಟಾಗ್ರಾಂನಲ್ಲಿ: ಎಚ್‌ಆರ್‌ಗೆ ಏನು ಉತ್ತರ ಕೊಡುವುದು?

ಸರಸ್ವತಿಪುರಂ_ಅಕ್ಕ:

ನಮಸ್ಕಾರ. ತಮ್ಮನ ಪರವಾಗಿ ಕೇಳುತ್ತಿದ್ದೇನೆ. ಮೈಸೂರಿನ ಹೆಬ್ಬಾಳ ಕಡೆ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾನೆ. ರಾತ್ರಿ ನಿದ್ದೆ ಇಲ್ಲ, ಲ್ಯಾಪ್‌ಟಾಪ್ ತೆರೆದರೆ ಎದೆ ಡವಡವ. ಮನೋವೈದ್ಯರು ನೋಡಿ 21 ದಿನ ರಜೆ ಬರೆದುಕೊಟ್ಟರು. ಸರ್ಟಿಫಿಕೇಟಿನಲ್ಲಿ ‘ಅಡ್ಜಸ್ಟ್‌ಮೆಂಟ್ ಡಿಸಾರ್ಡರ್’ (ಒತ್ತಡಕ್ಕೆ ಹೊಂದಿಕೊಳ್ಳಲಾಗದೆ ಬರುವ ಮಾನಸಿಕ ತೊಂದರೆ) ಎಂದಿದೆ. ಅದರ ಕೆಳಗೆ ಮೊದಲೇ ಅಚ್ಚಾಗಿರುವ ಸಾಲಿನಲ್ಲಿ ‘ಬೆಡ್ ರೆಸ್ಟ್’ ಅಂತಲೂ ಇದೆ.

ಒಂಬತ್ತನೇ ದಿನ ಮನೆಯವರೆಲ್ಲ ಮೇಲುಕೋಟೆಗೆ ಹೋಗಿದ್ದೆವು. ಚಿಕ್ಕಪ್ಪನ ಮಗಳು ಕಲ್ಯಾಣಿಯ ಮೆಟ್ಟಿಲ ಮೇಲೆ ತೆಗೆದ ಫೋಟೋ ಇನ್‌ಸ್ಟಾಗ್ರಾಂಗೆ ಹಾಕಿ ಇವನನ್ನು ಟ್ಯಾಗ್ ಮಾಡಿದಳು. ಸ್ಕ್ರೀನ್‌ಶಾಟ್ ಮ್ಯಾನೇಜರ್‌ಗೆ ತಲುಪಿದೆ. ಮೂರು ದಿನದೊಳಗೆ ವಿವರಣೆ ಕೊಡಿ ಎಂದು ಈಗ ಎಚ್‌ಆರ್ ಮೇಲ್ ಬಂದಿದೆ.

ಫೋಟೋ ತೆಗೆಸಿ ಅಕೌಂಟ್ ಮುಚ್ಚಿಸಲೇ? ಡಾಕ್ಟರ ಫೈಲು ಕೇಳಿದರೆ ಕೊಡಬೇಕೇ? ರಜೆ ಮುಗಿಯುವವರೆಗೆ ಅವನು ಮನೆಯೊಳಗೇ ಇರಬೇಕೇ? ಗೊತ್ತಿದ್ದವರು ದಯವಿಟ್ಟು ಹೇಳಿ.

ಕೆಆರ್‌ಎಸ್_ರಸ್ತೆ:

ಮೇಡಂ, ಫೋಟೋ ಅಳಿಸಬೇಡಿ, ಅಕೌಂಟೂ ಮುಚ್ಚಬೇಡಿ. ಸ್ಕ್ರೀನ್‌ಶಾಟ್ ಆಗಲೇ ಅವರ ಕೈಯಲ್ಲಿದೆ. ಮೇಲ್ ಬಂದ ಮೇಲೆ ಅಳಿಸಿದರೆ ಏನೋ ಮುಚ್ಚಿಡುತ್ತಿದ್ದಾನೆ ಎಂದೇ ಓದಿಕೊಳ್ಳುತ್ತಾರೆ. ಹಾಕಿದ್ದು ಅವನಲ್ಲ, ತಂಗಿ. ಯಾವ ದಿನ, ಯಾರ ಜೊತೆ ಅನ್ನುವುದಕ್ಕೆ ನಿಮಗಿರುವ ಸಾಕ್ಷಿಯೂ ಆ ಪೋಸ್ಟೇ. ಪೂರ್ತಿ ಪೋಸ್ಟನ್ನು ಕ್ಯಾಪ್ಶನ್, ತಾರೀಖು ಸಮೇತ ಸ್ಕ್ರೀನ್‌ಶಾಟ್ ತೆಗೆದಿಡಿ. ತಂಗಿಯ ಫೋನಿನಲ್ಲಿರುವ ಮೂಲ ಫೋಟೋವನ್ನು ಡಾಕ್ಯುಮೆಂಟ್ ಆಗಿ ಕಳಿಸಿಕೊಳ್ಳಿ. ವಾಟ್ಸಾಪ್‌ನಲ್ಲಿ ಮಾಮೂಲಿ ಫೋಟೋ ಥರ ಕಳಿಸಿದರೆ ಒಳಗಿನ ತಾರೀಖು, ಸಮಯದ ಮಾಹಿತಿ ಕಳಚಿಹೋಗುತ್ತದೆ.

ಇಲ್ಲಿ ಸಿಕ್ಕಿಹಾಕಿಸಿರುವುದು ‘ಬೆಡ್ ರೆಸ್ಟ್’ ಅನ್ನುವ ಎರಡು ಪದ. ಜ್ವರ, ಕಾಮಾಲೆ, ಬೆನ್ನುನೋವಿಗೆಂದು ಅಚ್ಚು ಹಾಕಿಸಿದ ಒಂದೇ ನಮೂನೆಯನ್ನು ಎಷ್ಟೋ ಕ್ಲಿನಿಕ್‌ಗಳಲ್ಲಿ ಎಲ್ಲದಕ್ಕೂ ಹರಿದು ಕೊಡುತ್ತಾರೆ. ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿಯ ಅನುಬಂಧದಲ್ಲಿ ರಜೆ ಸರ್ಟಿಫಿಕೇಟಿನ ಮಾದರಿಯೇ ಇದೆ. ಅದರಲ್ಲಿ ಈ ಪದ ಇಲ್ಲ. ಏನು ಕಾಯಿಲೆ, ಎಂದಿನಿಂದ ಎಷ್ಟು ಕಾಲ ಕೆಲಸಕ್ಕೆ ಹೋಗಬಾರದು, ಆರೋಗ್ಯ ಮರಳಲು ಆ ಗೈರುಹಾಜರಿ ಅಗತ್ಯ, ಇಷ್ಟೇ. ಕೆಲಸಕ್ಕೆ ಹೋಗಬಾರದು ಅನ್ನುವುದಕ್ಕೂ ಹಾಸಿಗೆ ಬಿಡಬಾರದು ಅನ್ನುವುದಕ್ಕೂ ಇರುವ ಅಂತರದಲ್ಲೇ ನಿಮ್ಮ ಉತ್ತರ ಇದೆ.

ಒತ್ತಡದ ಕಾಯಿಲೆಗೆ ದಿನವಿಡೀ ಮಲಗಿಸುವುದು ಚಿಕಿತ್ಸೆಯೂ ಅಲ್ಲ. ಹಗಲು ಮಲಗಿದರೆ ರಾತ್ರಿಯ ನಿದ್ದೆ ಇನ್ನಷ್ಟು ಕೆಡುತ್ತದೆ, ಒಬ್ಬನೇ ಕೋಣೆಯಲ್ಲಿದ್ದರೆ ಅದೇ ಯೋಚನೆ ಸುತ್ತಿ ಸುತ್ತಿ ಬರುತ್ತದೆ. ಅದಕ್ಕೇ ಹೊತ್ತಿಗೆ ಸರಿಯಾಗಿ ಏಳಿ, ಬೆಳಗಿನ ಬಿಸಿಲಲ್ಲಿ ನಡೆಯಿರಿ, ಮೊದಲು ಇಷ್ಟಪಟ್ಟು ಮಾಡುತ್ತಿದ್ದದ್ದನ್ನು ದಿನಕ್ಕೆ ಸ್ವಲ್ಪವಾದರೂ ಮಾಡಿ ಎಂದು ಹೇಳುತ್ತಾರೆ. ಇದಕ್ಕೆ ಬಿಹೇವಿಯರಲ್ ಆಕ್ಟಿವೇಶನ್ ಎಂದು ಹೆಸರು. ಇನ್ನೂ ಒಂದು ವಿಷಯ: ಒತ್ತಡದ ಮೂಲದಿಂದ ದೂರವಾದಾಗ ಲಕ್ಷಣ ಇಳಿಯುವುದು ಅಡ್ಜಸ್ಟ್‌ಮೆಂಟ್ ಡಿಸಾರ್ಡರ್‌ನ ಸ್ವಭಾವ. ಫೋಟೋದಲ್ಲಿ ನಗುತ್ತಿದ್ದಾನೆ ಅಂದಮಾತ್ರಕ್ಕೆ ಕಾಯಿಲೆ ಸುಳ್ಳಾಗುವುದಿಲ್ಲ.

ಹಾಗಾಗಿ ಇವತ್ತೇ ಡಾಕ್ಟರ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ. ನಾಲ್ಕೈದು ಸಾಲಿನ ಒಂದು ಪತ್ರ ಸಾಕು: ಇಂಥ ತಾರೀಖಿನಿಂದ ನನ್ನ ಚಿಕಿತ್ಸೆಯಲ್ಲಿದ್ದಾರೆ, ರಜೆಯ ಉದ್ದೇಶ ಕೆಲಸದ ಒತ್ತಡದಿಂದ ದೂರವಿರುವುದು, ನಡಿಗೆ ಮತ್ತು ಮನೆಯವರೊಂದಿಗೆ ಸಣ್ಣ ಪ್ರಯಾಣಕ್ಕೆ ವೈದ್ಯಕೀಯವಾಗಿ ಅಡ್ಡಿಯಿಲ್ಲ, ಹಿಂದಿನ ಸರ್ಟಿಫಿಕೇಟಿನ ‘ಬೆಡ್ ರೆಸ್ಟ್’ ನಮೂನೆಯಲ್ಲಿ ಅಚ್ಚಾಗಿದ್ದ ಪದ. ಕೊನೆಯ ಮಾತನ್ನು ಡಾಕ್ಟರು ತಾವಾಗಿ ಒಪ್ಪಿದರೆ ಮಾತ್ರ ಬರೆಯಲಿ, ಒತ್ತಾಯ ಬೇಡ. ಪತ್ರಕ್ಕೆ ಬರೆದ ದಿನದ್ದೇ ತಾರೀಖು ಇರಬೇಕು, ಹಿಂದಿನ ತಾರೀಖು ಹಾಕಿಸಲೇಬಾರದು. ಕೊಟ್ಟ ಪ್ರತಿ ಸರ್ಟಿಫಿಕೇಟನ್ನೂ ಡಾಕ್ಟರು ರಿಜಿಸ್ಟರ್‌ನಲ್ಲಿ ನಮೂದಿಸಿಡಬೇಕೆಂದು ಅದೇ 2002ರ ನಿಯಮ ಹೇಳುತ್ತದೆ. ತಾರೀಖು ತಾಳೆಯಾಗದಿದ್ದರೆ ಇಬ್ಬರಿಗೂ ಕಷ್ಟ. ತಮ್ಮನ ಚಿಕಿತ್ಸಾ ದಾಖಲೆಯ ಪ್ರತಿಯನ್ನೂ ಬರವಣಿಗೆಯಲ್ಲಿ ಕೇಳಿ. ಕೇಳಿದ 72 ಗಂಟೆಯೊಳಗೆ ಕೊಡಬೇಕು.

‘ಬರ್ನ್‌ಔಟ್’ (ಕೆಲಸದ ಒತ್ತಡದಿಂದ ಪೂರ್ತಿ ಬಸವಳಿಯುವುದು) ಎಂದು ಬರೆಸುವ ಆಸೆ ಕೆಲವರಿಗೆ ಇರುತ್ತದೆ, ಕೇಳಲು ಸೌಮ್ಯ ಎಂದು. ಬೇಡ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅದನ್ನು ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನ ಎಂದಿತೇ ಹೊರತು ಕಾಯಿಲೆಗಳ ಸಾಲಿಗೆ ಸೇರಿಸಲಿಲ್ಲ. ಅದನ್ನೇ ಹಿಡಿದು ‘ಇದು ಕಾಯಿಲೆಯೇ ಅಲ್ಲ’ ಎನ್ನಲು ದಾರಿಯಾಗುತ್ತದೆ.

ಮಂಡ್ಯ_ಲೇಬರ್:

ಮೇಲಿನವರು ಡಾಕ್ಟರ ಕಡೆಯದು ಹೇಳಿದ್ದಾರೆ, ಉತ್ತರ ಬರೆಯುವ ಬಗ್ಗೆ ನಾನು ಹೇಳುತ್ತೇನೆ.

ಮೂರು ದಿನ ಸಾಲದಿದ್ದರೆ ಗಡುವಿಗೆ ಮುಂಚೆಯೇ ಎರಡು ಸಾಲಿನ ಮೇಲ್ ಹಾಕಿ ಸಮಯ ಕೇಳಿ: ಚಿಕಿತ್ಸೆಯಲ್ಲಿದ್ದೇನೆ, ಇಂಥ ದಿನ ವೈದ್ಯರನ್ನು ಕಾಣುತ್ತಿದ್ದೇನೆ, ಅವರ ಪತ್ರದೊಂದಿಗೆ ಇಂಥ ತಾರೀಖಿಗೆ ಉತ್ತರಿಸುತ್ತೇನೆ. ಫೋನಿನಲ್ಲಿ ವಿವರಣೆ ಬೇಡ. ಎಚ್‌ಆರ್ ಕರೆ ಮಾಡಿದರೆ ವಿನಯದಿಂದಲೇ ‘ಮೇಲ್‌ನಲ್ಲಿ ಬರೆಯುತ್ತೇನೆ ಮೇಡಂ’ ಎಂದುಬಿಡಲಿ.

ಉತ್ತರ ಒಂದು ಪುಟ ದಾಟಬಾರದು. ಮೊದಲಿಗೆ ಒಪ್ಪಿಕೊಳ್ಳುವುದು: ಹೌದು, ಆ ದಿನ ಕುಟುಂಬದೊಂದಿಗೆ ಮೇಲುಕೋಟೆಗೆ ಹೋಗಿದ್ದೆ, ಅದೇ ದಿನ ವಾಪಸ್ ಬಂದೆ, ಫೋಟೋ ಹಾಕಿದವರು ಸಂಬಂಧಿಕರು. ಆಮೇಲೆ ಡಾಕ್ಟರ ಪತ್ರದ ಉಲ್ಲೇಖ. ಆಮೇಲೆ ರಜೆಯ ಅವಧಿಯಲ್ಲಿ ಬೇರೆಲ್ಲೂ ಕೆಲಸ ಮಾಡಿಲ್ಲ ಎಂಬ ಒಂದು ಸಾಲು, ಅದು ನಿಜವಾಗಿದ್ದರೆ. ಕೊನೆಗೆ ಕೆಲಸಕ್ಕೆ ಮರಳುವ ಅಂದಾಜು ತಾರೀಖು. ಮ್ಯಾನೇಜರ್ ಮೇಲಿನ ದೂರು, ಸ್ಕ್ರೀನ್‌ಶಾಟ್ ಕಳಿಸಿದವರ ಮೇಲಿನ ಸಿಟ್ಟು ಈ ಪತ್ರದಲ್ಲಿ ಬೇಡ. ಕೆಲಸದ ಹೊರೆಯ ಬಗ್ಗೆ ನಿಜವಾದ ದೂರಿದ್ದರೆ ಬೇರೆ ಪತ್ರ, ಬೇರೆ ದಿನ. ಎರಡನ್ನೂ ಕಲಸಿದರೆ ಸಿಕ್ಕಿಬಿದ್ದ ಮೇಲೆ ಆರೋಪ ಹೊರಿಸುತ್ತಿದ್ದಾನೆ ಎಂದು ತಳ್ಳಿಹಾಕುತ್ತಾರೆ.

ಫೈಲು ಕೊಡಬೇಕಾಗಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಂ ರೋಗಿಯ ಮಾನಸಿಕ ಆರೋಗ್ಯ, ಚಿಕಿತ್ಸೆಯ ವಿವರ ಗೋಪ್ಯವಾಗಿರುವ ಹಕ್ಕು ಕೊಟ್ಟಿದೆ; ಡಾಕ್ಟರು ಅದನ್ನು ಕಾಪಾಡಬೇಕು. ‘ನನ್ನ ವೈದ್ಯರ ಜೊತೆ ಕಂಪನಿ ನೇರವಾಗಿ ಮಾತಾಡಬಹುದು’ ಅನ್ನುವ ಒಪ್ಪಿಗೆ ಪತ್ರ ಕಳಿಸಿದರೆ ಸಹಿ ಹಾಕುವ ಮುಂಚೆ ಓದಿ. ಎಷ್ಟು ವಿವರ, ಯಾವ ಅವಧಿ ಎಂದು ಮಿತಿ ಇಲ್ಲದ ಒಪ್ಪಿಗೆ ಕೊಡಬಾರದು. ಕಂಪನಿಯ ಡಾಕ್ಟರು ನೋಡಬೇಕು ಅಂದರೆ ನಿರಾಕರಿಸದಿರುವುದೇ ಒಳ್ಳೆಯದು, ಆದರೆ ಕೆಲಸಕ್ಕೆ ಯೋಗ್ಯನೋ ಅಲ್ಲವೋ ಅನ್ನುವಷ್ಟಕ್ಕೇ ವರದಿ ಇರಲಿ ಎಂದು ಬರೆದು ಕೇಳಿ.

ಸ್ಕ್ರೀನ್‌ಶಾಟ್ ಸಾಕ್ಷಿಯೇ ಅಲ್ಲ ಎಂದು ಯಾರಾದರೂ ಧೈರ್ಯ ಹೇಳಿದರೆ ನಂಬಿ ಕೂರಬೇಡಿ. ಕೋರ್ಟಿನಲ್ಲಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ, ಎಲೆಕ್ಟ್ರಾನಿಕ್ ದಾಖಲೆಯ ಜೊತೆ ಕೊಡಬೇಕಾದ ಪ್ರಮಾಣಪತ್ರದ ಪ್ರಶ್ನೆ ಬರುತ್ತದೆ. ಕಂಪನಿಯ ಆಂತರಿಕ ವಿಚಾರಣೆಗೆ ಅಷ್ಟು ಬಿಗಿಯಾದ ಸಾಕ್ಷ್ಯ ನಿಯಮ ಅನ್ವಯಿಸುವುದಿಲ್ಲ. ಈಗ ಬಂದಿರುವುದು ವಿವರಣೆ ಕೇಳಿದ ಪತ್ರ ಮಾತ್ರ, ಇನ್ನೂ ಆರೋಪಪಟ್ಟಿ ಅಲ್ಲ. ಉತ್ತರ ಚೆನ್ನಾಗಿದ್ದರೆ ಇಲ್ಲೇ ಮುಗಿಯಬಹುದು. ಆರೋಪಪಟ್ಟಿ ಬಂದರೆ ಆಗ ವಕೀಲರಿಲ್ಲದೆ ಒಂದಕ್ಷರವೂ ಬರೆಯಬೇಡಿ.

ರಜೆಯ ಲೆಕ್ಕವನ್ನೂ ನೋಡಿಕೊಳ್ಳಿ. ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರಲ್ಲಿ ಕಾಯಿಲೆಗೆ ವರ್ಷಕ್ಕೆ 12 ದಿನ ಸಂಬಳ ಸಹಿತ ರಜೆ ಇದೆ. 21ರಲ್ಲಿ ಉಳಿದ ದಿನಗಳು ಗಳಿಕೆ ರಜೆಗೋ, ಕಂಪನಿಯ ಪಾಲಿಸಿಗೋ ಹೋಗುತ್ತವೆ. ಪಾಲಿಸಿಯಲ್ಲಿ ‘ಊರು ಬಿಡಲು ಮುಂಚಿತ ಅನುಮತಿ’ ಎಂಬ ಸಾಲು ಇದೆಯೇ ಹುಡುಕಿ. ಇದ್ದರೆ ಮೇಲುಕೋಟೆ ಆ ಲೆಕ್ಕಕ್ಕೆ ಬರುತ್ತದೆ, ಅದಕ್ಕೆ ಪ್ರತ್ಯೇಕವಾಗಿ ಒಂದು ಸಾಲು ವಿಷಾದ ಬರೆಯಿರಿ.

ಸರಸ್ವತಿಪುರಂ_ಅಕ್ಕ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಒಂದು ಹೇಳಲು ಬಿಟ್ಟಿದ್ದೆ. ಮನೋವೈದ್ಯರ ಹತ್ತಿರ ಹೋಗುವ ಮುಂಚೆ ಮೂರು ದಿನಕ್ಕೆ ಮನೆ ಹತ್ತಿರದ ಕ್ಲಿನಿಕ್‌ನಿಂದ ‘ವೈರಲ್ ಜ್ವರ’ ಅಂತ ಬರೆಸಿ ಕೊಟ್ಟಿದ್ದಾನೆ. ಜ್ವರ ಇರಲಿಲ್ಲ. ಮಾನಸಿಕ ಅಂದರೆ ಟೀಮಿನಲ್ಲಿ ಏನಂದುಕೊಳ್ಳುತ್ತಾರೋ ಅನ್ನುವ ಭಯ. ಅದೂ ಈಗ ಅಡ್ಡ ಬರುತ್ತದಾ?

ಮಂಡ್ಯ_ಲೇಬರ್:

ಬರುತ್ತದೆ ಅಕ್ಕಾ, ಫೋಟೋಗಿಂತ ಅದೇ ದೊಡ್ಡದು. ಫೋಟೋಗೆ ಉತ್ತರ ಇದೆ, ಸುಳ್ಳು ಸರ್ಟಿಫಿಕೇಟಿಗೆ ಇಲ್ಲ. ಭಯದಿಂದ ಹೀಗೆ ಬರೆಸುವವರು ಬಹಳ ಜನ. ಜ್ವರ, ಸೊಂಟನೋವು ಅಂತ ಇದ್ದರೆ ಯಾರೂ ಪ್ರಶ್ನೆ ಕೇಳುವುದಿಲ್ಲ ಅನ್ನುವುದು ಅವರ ಲೆಕ್ಕ. ಆದರೆ ಸೊಂಟನೋವು ಎಂದು ಬರೆಸಿದವರು ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದ ಫೋಟೋ ಬಂದರೆ ಸಮರ್ಥಿಸಿಕೊಳ್ಳಲು ಏನೂ ಉಳಿಯುವುದಿಲ್ಲ. ನಿಜವಾದ ಕಾಯಿಲೆ ಬರೆಸಿದ್ದರೆ ಅದೇ ನಡಿಗೆ ಚಿಕಿತ್ಸೆಯ ಭಾಗ ಆಗಿರುತ್ತಿತ್ತು.

ಈಗಿನ ಉತ್ತರದಲ್ಲಿ ಜ್ವರದ ಮಾತನ್ನು ನಿಜವೆಂಬಂತೆ ಮತ್ತೆ ಬರೆಯಬೇಡಿ. ಒಂದು ಸುಳ್ಳನ್ನು ಎರಡನೇ ಸಲ, ಅದೂ ಸಹಿ ಹಾಕಿ ಹೇಳಿದಂತಾಗುತ್ತದೆ. ಅವರು ಕೇಳುವ ಮೊದಲೇ ತಾನಾಗಿ ಹೇಳಿ, ಆ ಮೂರು ದಿನವನ್ನು ಗಳಿಕೆ ರಜೆಗೆ ಬದಲಾಯಿಸಿ ಎಂದು ಕೋರುವುದು ನೇರವಾದ ದಾರಿ. ನಿದ್ದೆಯಿಲ್ಲದೆ ಬಳಲಿದ್ದೆ, ಕಾರಣ ಹೇಳಿಕೊಳ್ಳಲು ಹಿಂಜರಿದೆ ಅನ್ನುವುದನ್ನು ಮುಚ್ಚುಮರೆ ಇಲ್ಲದೆ ಬರೆಯಬಹುದು. ಆ ಸಾಲಿನ ಪದಗಳನ್ನು ಮಾತ್ರ ಕಳಿಸುವ ಮುಂಚೆ ಒಬ್ಬ ಸ್ಥಳೀಯ ಲೇಬರ್ ವಕೀಲರಿಗೆ ತೋರಿಸಿ. ಬರೆದುಕೊಟ್ಟ ಡಾಕ್ಟರ ಮೇಲೂ ಪರಿಣಾಮ ಇರುವ ವಿಷಯ ಇದು.

ಮೇಟಗಳ್ಳಿ_ಶಿಫ್ಟ್:

ಫ್ಯಾಕ್ಟರಿಯವರು ಇದನ್ನು ಓದುತ್ತಿದ್ದರೆ, ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಇರುವವರಿಗೆ ಲೆಕ್ಕ ಬೇರೆ. ತಿಂಗಳ ಸಂಬಳ 21,000 ರೂಪಾಯಿವರೆಗೆ ಇದ್ದವರಿಗೆ ಇಎಸ್‌ಐ. ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನದ ವಂತಿಗೆ ಕಟ್ಟಿದ್ದರೆ ಕಾಯಿಲೆ ಭತ್ಯೆಯಾಗಿ ಸರಾಸರಿ ದಿನಗೂಲಿಯ ಶೇ. 70ರಷ್ಟು, ವರ್ಷಕ್ಕೆ 91 ದಿನದವರೆಗೆ ಸಿಗುತ್ತದೆ. ಆದರೆ 1948ರ ಕಾಯ್ದೆಯ 64ನೇ ಕಲಂ ಇಟ್ಟ ಷರತ್ತುಗಳು ಕಟ್ಟುನಿಟ್ಟು: ಡಾಕ್ಟರು ಹೇಳಿದಂತೆ ಚಿಕಿತ್ಸೆಯಲ್ಲಿರಬೇಕು, ಗುಣವಾಗುವುದಕ್ಕೆ ಅಡ್ಡಿಯಾಗುವಂಥದ್ದು ಮಾಡಬಾರದು, ಚಿಕಿತ್ಸೆ ಕೊಡುತ್ತಿರುವ ಪ್ರದೇಶವನ್ನು ಅನುಮತಿ ಇಲ್ಲದೆ ಬಿಡಬಾರದು, ಕರೆದಾಗ ಪರೀಕ್ಷೆಗೆ ಹೋಗಬೇಕು. ಸಾಫ್ಟ್‌ವೇರ್‌ನವರಿಗೆ ಮೇಲುಕೋಟೆ ಸಣ್ಣ ವಿಷಯ ಇರಬಹುದು. ಮೇಟಗಳ್ಳಿಯಲ್ಲೋ ತೂಬಿನಕೆರೆಯಲ್ಲೋ ದುಡಿಯುವವರು ಭತ್ಯೆ ತೆಗೆದುಕೊಳ್ಳುತ್ತಾ ಊರಿನ ಹಬ್ಬಕ್ಕೆ ಹೋಗುವುದಿದ್ದರೆ ಮೊದಲು ಡಿಸ್ಪೆನ್ಸರಿ ಡಾಕ್ಟರಿಗೆ ಹೇಳಿ, ಬರವಣಿಗೆಯಲ್ಲಿ ಒಪ್ಪಿಗೆ ಪಡೆದು ಹೋಗಿ. ಹಳೆಯ ಕಾಯ್ದೆ ಈಗ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ, ಆದ್ದರಿಂದ ಈಗಿನ ನಮೂನೆ ಯಾವುದೆಂದು ಶಾಖಾ ಕಚೇರಿಯಲ್ಲೇ ವಿಚಾರಿಸಿ.

ಕುವೆಂಪುನಗರ_ನೆಟ್:

ಇನ್ನು ಉಳಿದ ದಿನಗಳಿಗೆ ಫೋನು ಹೇಗಿರಬೇಕು ಅನ್ನುವುದು. ಉತ್ತರ ಕಳಿಸಿದ ಮೇಲೆ ಇವನ್ನು ಮಾಡಿ, ಮುಂಚೆ ಬೇಡ.

ಇನ್‌ಸ್ಟಾಗ್ರಾಂ ಸೆಟ್ಟಿಂಗ್ಸ್‌ನಲ್ಲಿ ಟ್ಯಾಗ್ ವಿಭಾಗಕ್ಕೆ ಹೋಗಿ, ಟ್ಯಾಗ್‌ಗಳನ್ನು ತಾನೇ ಒಪ್ಪಿಗೆ ಕೊಟ್ಟ ಮೇಲೆ ಮಾತ್ರ ಪ್ರೊಫೈಲಿನಲ್ಲಿ ತೋರಿಸುವಂತೆ ಮಾಡಿ. ಫೇಸ್‌ಬುಕ್‌ನಲ್ಲೂ ಟ್ಯಾಗ್ ಪರಿಶೀಲನೆ ಹೀಗೇ ಇದೆ. ಆದರೆ ಇದು ಅವನ ಪ್ರೊಫೈಲನ್ನಷ್ಟೇ ಕಾಯುತ್ತದೆ, ತಂಗಿಯ ಪ್ರೊಫೈಲಿನಲ್ಲಿ ಫೋಟೋ ಹಾಗೇ ಇರುತ್ತದೆ. ಅದಕ್ಕೆ ಸೆಟ್ಟಿಂಗ್ ಇಲ್ಲ, ಮನೆಯವರಿಗೆಲ್ಲ ಬಾಯಿಬಿಟ್ಟು ಹೇಳುವುದೊಂದೇ ದಾರಿ. ವಾಟ್ಸಾಪ್ ಸ್ಟೇಟಸ್ 24 ಗಂಟೆ ಇರುತ್ತದೆ. ಕೆಲವರನ್ನು ಬಿಟ್ಟು ಉಳಿದವರಿಗೆ ಅನ್ನುವ ಆಯ್ಕೆಗಿಂತ, ಇಂಥವರಿಗೆ ಮಾತ್ರ ಅನ್ನುವ ಆಯ್ಕೆ ಒಳ್ಳೆಯದು. ಹೊಸದಾಗಿ ಸೇವ್ ಮಾಡಿದ ಸಹೋದ್ಯೋಗಿಯ ನಂಬರ್ ಮೊದಲನೆಯದರಲ್ಲಿ ತಾನಾಗಿ ಒಳಗೆ ಬಂದುಬಿಡುತ್ತದೆ. ಓಟ, ಸೈಕಲ್‌ಗೆ ಸ್ಟ್ರಾವಾ ಆ್ಯಪ್ ಬಳಸುತ್ತಿದ್ದರೆ ಅದು ವಾಚಿನಿಂದ ತಾನೇ ಅಪ್‌ಲೋಡ್ ಆಗುತ್ತದೆ, ಯಾರು ನೋಡಬಹುದು ಅನ್ನುವುದನ್ನು ಅಲ್ಲೂ ಬದಲಿಸಿ. ಲಿಂಕ್ಡ್‌ಇನ್‌ನಲ್ಲಿ ‘ಕೆಲಸ ಹುಡುಕುತ್ತಿದ್ದೇನೆ’ ಅನ್ನುವುದನ್ನು ನೇಮಕಾತಿಯವರಿಗೆ ಮಾತ್ರ ಎಂದಿಟ್ಟರೂ ಸ್ವಂತ ಕಂಪನಿಗೆ ಕಾಣುವುದೇ ಇಲ್ಲ ಎಂಬ ಖಾತ್ರಿ ಇಲ್ಲ.

ಹಳೆಯ ಫೋಟೋ ಹಾಕುವುದರಲ್ಲಿ ತುಂಬಾ ಜನ ಎಡವುತ್ತಾರೆ. ಕಳೆದ ವರ್ಷದ ಗೋವಾ ಫೋಟೋ ಇವತ್ತು ಹಾಕಿದರೆ ನೋಡುವವರಿಗೆ ಇವತ್ತಿನದೇ. ರಜೆ ಮುಗಿಯುವವರೆಗೆ ಅದು ಬೇಡ.

ಪ್ರವಾಸಕ್ಕಿಂತ ಹೆಚ್ಚು ಹೊಡೆತ ಕೊಡುವುದು ದುಡಿಮೆಯ ಪೋಸ್ಟ್. ಮದುವೆಗೆ ಫೋಟೋಗ್ರಫಿ, ಟ್ಯೂಷನ್, ಹಣ ಬರುವ ಯೂಟ್ಯೂಬ್ ಚಾನೆಲ್ ಇಂಥದ್ದು ಕಂಡರೆ, ಬೇರೆ ಕಡೆ ದುಡಿಯಲು ಆಗುತ್ತದೆ, ನಮ್ಮಲ್ಲಿ ಆಗುವುದಿಲ್ಲವೇ ಎಂದು ಕೇಳುತ್ತಾರೆ. ಅದಕ್ಕೆ ಡಾಕ್ಟರ ಪತ್ರವೂ ಸಾಲುವುದಿಲ್ಲ. ಆಫೀಸ್ ವಾಟ್ಸಾಪ್ ಗ್ರೂಪಿನಲ್ಲಿ ‘ಓಕೆ’, ‘ನೋಡ್ತೀನಿ’ ಎಂದು ಉತ್ತರಿಸುತ್ತಾ ಇರುವುದೂ ತೊಂದರೆಯೇ, ರಜೆಯಲ್ಲೂ ಕೆಲಸ ಮಾಡುತ್ತಿದ್ದ ಎಂದಾಗುತ್ತದೆ. ಗ್ರೂಪನ್ನು ಮ್ಯೂಟ್ ಮಾಡಿ ಆರ್ಕೈವ್‌ಗೆ ಹಾಕಲಿ. ಅವನ ಮನಸ್ಸಿಗೂ ಅದೇ ಒಳ್ಳೆಯದು. ಎದೆ ಡವಡವ ಅನ್ನಿಸುವ ಮೆಸೇಜ್ ದಿನಕ್ಕೆ ನಲವತ್ತು ಸಲ ನೋಡಿದರೆ ರಜೆ ಹಾಕಿ ಪ್ರಯೋಜನವೇನು?

ಕೆಆರ್‌ಎಸ್_ರಸ್ತೆ:

ಅಕ್ಕ ಬರೆದದ್ದು ನೋಡಿದರೆ ಈ ಮೇಲ್ ಬಂದ ಮೇಲೆ ತಮ್ಮನ ನಿದ್ದೆ ಮತ್ತೆ ಕೆಟ್ಟಿರಬಹುದು. ಡಾಕ್ಟರು ಸಿಗುವವರೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿಸಿ. ಶುಲ್ಕವಿಲ್ಲ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಉತ್ತರದ ಕರಡನ್ನು ಅವನೇ ರಾತ್ರಿ ಕೂತು ಬರೆಯುವುದು ಬೇಡ. ನೀವು ಬರೆದು, ಬೆಳಿಗ್ಗೆ ತಿಂಡಿ ಆದಮೇಲೆ ಅವನಿಗೆ ಓದಿ ಹೇಳಿ, ಅವನು ಒಪ್ಪಿದ್ದನ್ನಷ್ಟೇ ಕಳಿಸಿ.

21ನೇ ದಿನ ಹತ್ತಿರ ಬಂದಾಗ ಫಿಟ್‌ನೆಸ್ ಸರ್ಟಿಫಿಕೇಟ್ ಬೇಕಾಗುತ್ತದೆ. ಅದನ್ನು ಕೆಲಸಕ್ಕೆ ಹೋಗುವ ದಿನ ಬೆಳಿಗ್ಗೆ ಓಡಿಹೋಗಿ ಬರೆಸಬೇಡಿ, ಎರಡು ಮೂರು ದಿನ ಮುಂಚೆ ಡಾಕ್ಟರನ್ನು ಕಾಣಿ. ಮೊದಲ ಎರಡು ವಾರ ರಾತ್ರಿ ಕರೆಗಳು ಬೇಡ ಅಥವಾ ಕಡಿಮೆ ಗಂಟೆ ಅನ್ನುವ ಸಲಹೆ ಅವಶ್ಯವಿದ್ದರೆ ಅದೇ ಚೀಟಿಯಲ್ಲಿ ಬರೆಸಿಕೊಳ್ಳಿ. ಆಮೇಲೆ ಬಾಯಿಮಾತಿನಲ್ಲಿ ಕೇಳಿದರೆ ಮ್ಯಾನೇಜರ್‌ಗೆ ಕೊಡಲು ಆಧಾರ ಇರುವುದಿಲ್ಲ. ಆ ಚೀಟಿಯಲ್ಲೂ ಅಚ್ಚಾದ ಸಾಲುಗಳನ್ನು ಒಂದೊಂದಾಗಿ ಓದಿ, ಅನ್ವಯಿಸದ್ದನ್ನು ಡಾಕ್ಟರ ಕೈಯಲ್ಲೇ ಹೊಡೆಸಿ, ಪಕ್ಕದಲ್ಲಿ ಸಹಿ ಹಾಕಿಸಿ.