‘ಹಂತ’ದೊಳಗಿನ ‘ಹಂತ’ಕ್ಕೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಹೊಸ ಔಷಧಿಯ ಪ್ರಯೋಗಕ್ಕೆ ಸೇರುವ ರೋಗಿಗಳು ಓದಿ ಸಹಿ ಹಾಕುವ ಒಪ್ಪಿಗೆ ಪತ್ರವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಒಂದೇ ಪದದಲ್ಲಿ ಸಿಕ್ಕಿಕೊಂಡಿದ್ದೇನೆ: ‘ಹಂತ’.

ಔಷಧಿಯಿಂದ ಗುಣ ಕಾಣುತ್ತದೆಯೇ ಅಂತ ನೋಡುವ ಫೇಸ್ 2 ಟ್ರಯಲ್‌ಗೆ ‘ಎರಡನೇ ಹಂತದ ಪ್ರಯೋಗ’ ಅನ್ನುವುದು ರೂಢಿಯಾಗಿದೆ. ಕ್ಯಾನ್ಸರ್ ಎಷ್ಟು ಹರಡಿದೆ ಅಂತ ಹೇಳುವಾಗಲೂ ‘ಮೂರನೇ ಹಂತ’ ಅನ್ನುತ್ತೇವೆ. ಇಷ್ಟೇ ಆಗಿದ್ದರೆ ಹೇಗೋ ನಡೆಯುತ್ತಿತ್ತು. ಆದರೆ ಎರಡನೇ ಹಂತದ ಪ್ರಯೋಗದ ಒಳಗೇ ಮತ್ತೆ ಎರಡು ಭಾಗ ಇರುವುದುಂಟು, ಅವಕ್ಕೂ ಕೈಗೆ ಸಿಗುವುದು ಇದೇ ಪದ.

ಆ ಎರಡು ಭಾಗ ಯಾಕೆ ಅಂದರೆ, ಕೆಲಸಕ್ಕೆ ಬಾರದ ಔಷಧಿಯನ್ನು ಸುಮ್ನೆ ಜಾಸ್ತಿ ಜನಕ್ಕೆ ಕೊಡಬಾರದು ಅಂತ. ರಿಚರ್ಡ್ ಸೈಮನ್ ಎಂಬ ಸಂಖ್ಯಾಶಾಸ್ತ್ರಜ್ಞರು 1989ರಲ್ಲಿ ಇದಕ್ಕೊಂದು ಲೆಕ್ಕ ಕೊಟ್ಟರು. ಗೆಡ್ಡೆ ಕುಗ್ಗುವುದು 100ಕ್ಕೆ 10 ಜನರಲ್ಲಿ ಮಾತ್ರ ಆದರೆ ಔಷಧಿ ಬೇಡ, 30 ಜನರಲ್ಲಿ ಆದರೆ ಬೇಕು ಅಂತಿಟ್ಟುಕೊಳ್ಳಿ. ಬೇಡದ್ದನ್ನು ಒಪ್ಪಿಬಿಡುವ ಸಾಧ್ಯತೆ ಶೇ. 5, ಒಳ್ಳೆಯದನ್ನು ಕೈಬಿಡುವ ಸಾಧ್ಯತೆ ಶೇ. 20 ಮೀರಬಾರದು ಅಂದರೆ, ಮೊದಲು 10 ಜನರಿಗೆ ಕೊಟ್ಟು ನೋಡಬೇಕು. ಅದರಲ್ಲಿ ಒಬ್ಬರಿಗೋ ಯಾರಿಗೂ ಇಲ್ಲವೋ ಅನ್ನುವಷ್ಟೇ ಗುಣ ಕಂಡರೆ ಅಲ್ಲಿಗೇ ನಿಲ್ಲಿಸುತ್ತಾರೆ. ಇಬ್ಬರಿಗಾದರೂ ಕಂಡರೆ ಇನ್ನೂ 19 ಜನರನ್ನು ಸೇರಿಸಿಕೊಂಡು, ಒಟ್ಟು 29ರಲ್ಲಿ ಕಡಿಮೆ ಅಂದರೂ 6 ಜನರಿಗೆ ಗುಣ ಕಂಡರೆ ಮಾತ್ರ ಔಷಧಿಯನ್ನು ಮುಂದಕ್ಕೆ ಒಯ್ಯುವ ಮಾತು.

ಈಗ ನಾನು ಬರೆದ ಸಾಲು ನೋಡಿ: ‘ಎರಡನೇ ಹಂತದ ಈ ಪ್ರಯೋಗದ ಮೊದಲ ಹಂತದಲ್ಲಿ, ಮೂರನೇ ಹಂತದ ಕ್ಯಾನ್ಸರ್ ಇರುವ 10 ಜನರು ಇರುತ್ತಾರೆ.’ ಪರಿಚಯದವರೊಬ್ಬರಿಗೆ ಓದಲು ಕೊಟ್ಟೆ. ‘ಮೊದಲ ಹಂತ ಅಂದ್ರೆ ಮನುಷ್ಯರಿಗೆ ಇದೇ ಮೊದಲ ಸಲ ಕೊಡ್ತಿದ್ದಾರಾ?’ ಅಂತ ಗಾಬರಿಯಿಂದ ಕೇಳಿದರು. ಹಾಗಲ್ಲ, ಎಷ್ಟು ಪ್ರಮಾಣದವರೆಗೆ ದೇಹ ತಡೆದುಕೊಳ್ಳುತ್ತದೆ ಅನ್ನುವುದನ್ನು ಫೇಸ್ 1ರಲ್ಲೇ ಸಣ್ಣ ಗುಂಪಿನಲ್ಲಿ ನೋಡಿರುತ್ತಾರೆ. ಸಹಿ ಹಾಕಬೇಕೋ ಬೇಡವೋ ಅಂತ ಯೋಚಿಸುತ್ತಿರುವ ಮನುಷ್ಯರಿಗೆ ಇದು ಸಣ್ಣ ವಿಷಯವಲ್ಲ, ಅಲ್ವಾ?

‘ಫೇಸ್’ ಅಂತಲೇ ಇಡೋಣ ಅಂದರೆ ಕನ್ನಡ ಲಿಪಿಯಲ್ಲಿ ಅದು ಮುಖ ಅಂತಲೂ ಓದಿಸುತ್ತದೆ. ‘ಘಟ್ಟ’ ಚೆನ್ನಾಗಿದೆ, ಆದರೆ ಹಂತಕ್ಕೂ ಘಟ್ಟಕ್ಕೂ ಏನು ವ್ಯತ್ಯಾಸ ಅಂತ ಓದುವವರಿಗೆ ಹೊಳೆಯುವುದಿಲ್ಲ. ‘ಸುತ್ತು’ ಅಂದರೆ ಅದೇ 10 ಜನ ಮತ್ತೆ ಬರಬೇಕು ಅನ್ನಿಸುತ್ತದೆ, ಇಲ್ಲಿ ಬರುವವರು ಬೇರೆಯವರು. ‘ಮಜಲು’ ನನಗೆ ಇಷ್ಟ. ದಾರಿಯಲ್ಲಿ ತಂಗಿ, ಮುಂದೆ ಹೋಗಬೇಕೋ ಬೇಡವೋ ಅಂತ ನೋಡುವ ಅರ್ಥ ಅದರಲ್ಲಿದೆ, ಆದರೆ ಈಗ ಎಷ್ಟು ಜನ ಆ ಪದ ಬಳಸುತ್ತಾರೆ?

ಸದ್ಯಕ್ಕೆ ಮನಸ್ಸು ‘ಕಂತು’ ಕಡೆ ವಾಲಿದೆ. ‘ಮೊದಲ ಕಂತಿನಲ್ಲಿ 10 ಜನ, ಫಲ ನೋಡಿಕೊಂಡು ಎರಡನೇ ಕಂತಿನಲ್ಲಿ 19 ಜನ.’ ಓದಿದ ಕೂಡಲೇ ತಿಳಿಯುತ್ತದೆ. ಅಳುಕು ಒಂದೇ: ಕಂತು ಅಂದರೆ ಮೊದಲು ನೆನಪಾಗುವುದು ಸಾಲ. ಎರಡನೇ ಕಂತು ಬಂದೇ ಬರುತ್ತದೆ ಅನ್ನುವ ಧ್ವನಿಯೂ ಅದಕ್ಕಿದೆ, ಇಲ್ಲಿ ಅದು ಬರದೇ ಹೋಗಬಹುದು. ನಿಮ್ಮ ಕಿವಿಗೂ ಹಾಗೆ ಕೇಳಿಸುತ್ತದೆಯೇ? ಮನುಷ್ಯರ ಗುಂಪಿಗೆ ‘ಕಂತು’ ಬಳಸಿದ್ದನ್ನು ಯಾರಾದರೂ ಕೇಳಿದ್ದೀರಾ?