ಇಡೀ ಆಲ್ಬಂ ಕೇಳಬೇಕೇ, ಬೇಕಾದ ಹಾಡುಗಳಷ್ಟೇ ಸಾಕೇ?

ಪ್ರಶ್ನೆ:

ಇಷ್ಟವಾದ ಹಾಡುಗಳನ್ನು ಬಿಡಿಬಿಡಿಯಾಗಿ ಡೌನ್‌ಲೋಡ್ ಮಾಡಿಕೊಂಡು ಕೇಳುವುದು ನನ್ನ ರೂಢಿ. ಸಂಗ್ರಹ ಬೆಳೆಯುತ್ತಲೇ ಇದೆ, ಆದರೆ ಯಾವ ಕಲಾವಿದರನ್ನೂ ನೆಟ್ಟಗೆ ಕೇಳಿಲ್ಲವೆಂಬ ಕೊರಗು ಉಳಿದಿದೆ. ಫೋನಿನಲ್ಲಿ ಜಾಗವೂ ಕಡಿಮೆ. ಆಲ್ಬಂಗಳನ್ನು ಮೊದಲಿನಿಂದ ಕೊನೆಯವರೆಗೆ ಕೇಳುವ ಅಭ್ಯಾಸವಿರುವವರು ದಯವಿಟ್ಟು ತಮ್ಮ ಅನುಭವ ತಿಳಿಸಬೇಕು.

ಉತ್ತರ 1:

ಎರಡೂ ರೀತಿಯಲ್ಲಿ ಬಹುಕಾಲ ಕೇಳಿದ ಮೇಲೆ ನಾನು ಆಲ್ಬಂನ ಪಕ್ಷಕ್ಕೆ ಬಂದು ನಿಂತಿದ್ದೇನೆ. ಅದಕ್ಕೆ ಮುಖ್ಯ ಕಾರಣ, ಮೊದಲ ಸಲ ಹಿಡಿಸದೆ ಹೋದ ಹಾಡುಗಳು. ಬಿಡಿ ಹಾಡನ್ನು ಆರಿಸುವಾಗ ನಾವು ಸಾಮಾನ್ಯವಾಗಿ ಅದರ ಆರಂಭದ ತುಣುಕನ್ನಷ್ಟೇ ಕೇಳಿ ತೀರ್ಮಾನಿಸುತ್ತೇವೆ. ಹೀಗಾಗಿ ಪಲ್ಲವಿ ಬೇಗ ಬಂದು ಕಿವಿ ಸೆಳೆಯುವ ಹಾಡು ಸಂಗ್ರಹ ಸೇರುತ್ತದೆ, ನಿಧಾನವಾಗಿ ಬಿಚ್ಚಿಕೊಳ್ಳುವ ಹಾಡು ಹೊರಗುಳಿಯುತ್ತದೆ. ಆಲ್ಬಂನಲ್ಲಿ ಈ ಎರಡನೆಯ ಬಗೆಯ ಹಾಡು ನಾವು ಕರೆಯದಿದ್ದರೂ ಬರುತ್ತದೆ. ಇನ್ನಷ್ಟು ಸಲ ಕೇಳುವ ಹೊತ್ತಿಗೆ ನನಗೆ ಬಹುಪಾಲು ಅದೇ ಹೆಚ್ಚು ಪ್ರಿಯವಾಗಿರುತ್ತದೆ. ಅಬ್ಬರದ ಹಾಡಿನ ಬೆನ್ನಿಗೇ ಬರುವ ತಗ್ಗು ದನಿಯ ಹಾಡಿನ ಅರ್ಧ ಸೊಗಸು ಅದು ನಿಂತಿರುವ ಜಾಗದಿಂದಲೇ ಹುಟ್ಟುವುದು.

ಈ ಜೋಡಣೆ ಆಕಸ್ಮಿಕವಲ್ಲ. ನಿಮಿಷಕ್ಕೆ 78 ಸುತ್ತು ತಿರುಗುವ ಹತ್ತು ಇಂಚಿನ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿನಲ್ಲಿ ಸುಮಾರು 3 ನಿಮಿಷದ ಸಂಗೀತ ಮಾತ್ರ ಹಿಡಿಯುತ್ತಿತ್ತು. 1948ರಲ್ಲಿ ಕೊಲಂಬಿಯಾ ಕಂಪನಿ ನಿಮಿಷಕ್ಕೆ 33⅓ ಸುತ್ತು ತಿರುಗುವ ಎಲ್‌ಪಿ ಎಂಬ ದೀರ್ಘಾವಧಿಯ ತಟ್ಟೆಯನ್ನು ತಂದ ಮೇಲೆ ಆ ಅವಧಿ 20 ನಿಮಿಷವನ್ನೂ ದಾಟಿತು. ಮುಂದಿನ ದಶಕಗಳಲ್ಲಿ ಕಲಾವಿದರು ಮಗ್ಗುಲೊಂದನ್ನು ಯಾವ ಹಾಡಿನಿಂದ ತೆರೆಯಬೇಕು, ತಟ್ಟೆ ಮಗುಚುವ ಮುನ್ನ ಕೇಳುಗರನ್ನು ಎಲ್ಲಿಗೆ ತಂದು ನಿಲ್ಲಿಸಬೇಕು ಎಂದು ಯೋಚಿಸತೊಡಗಿದರು. ಪಿಂಕ್ ಫ್ಲಾಯ್ಡ್ ಎಂಬ ಬ್ರಿಟಿಷ್ ರಾಕ್ ತಂಡಕ್ಕೆ ಈ ಕ್ರಮ ಎಷ್ಟು ಮುಖ್ಯವಾಗಿತ್ತೆಂದರೆ, ತಮ್ಮ ಆಲ್ಬಂಗಳನ್ನು ಒಪ್ಪಿಗೆಯಿಲ್ಲದೆ ಬಿಡಿ ಹಾಡುಗಳಾಗಿ ಅಂತರ್ಜಾಲದಲ್ಲಿ ಮಾರಬಾರದೆಂದು ತಮ್ಮ ಧ್ವನಿಮುದ್ರಣ ಕಂಪನಿ ಇಎಂಐ ವಿರುದ್ಧ ಅವರು ಬ್ರಿಟನ್ನಿನ ನ್ಯಾಯಾಲಯಕ್ಕೆ ಹೋಗಿ, 2010ರಲ್ಲಿ ಗೆದ್ದರು.

ನೀವು ಆರಂಭಿಸುವುದಾದರೆ, ಈಗಾಗಲೇ ಎರಡು ಮೂರು ಹಾಡುಗಳು ಮನಸ್ಸಿಗೆ ಹಿಡಿಸಿರುವ ಒಬ್ಬ ಕಲಾವಿದರನ್ನೇ ಆರಿಸಿ, 40 ನಿಮಿಷದ ಆಸುಪಾಸಿನ ಆಲ್ಬಂ ಒಂದನ್ನು ಇಳಿಸಿಕೊಳ್ಳಿ. ಹಾಡುಗಳ ಕ್ರಮ ಕಲಸುವ ಶಫಲ್ ಸೌಲಭ್ಯವನ್ನು ನಿಲ್ಲಿಸಿ, ಕೆಲವು ಸಲ ಕ್ರಮದಲ್ಲೇ ಕೇಳಿ ಮುಗಿಸುವವರೆಗೆ ಯಾವ ಹಾಡನ್ನೂ ಅಳಿಸಬೇಡಿ. ಆಮೇಲೆ ಇಷ್ಟವಾದವುಗಳನ್ನು ಪ್ಲೇಲಿಸ್ಟಿಗೆ ಸೇರಿಸಿಕೊಂಡರೆ ಬಿಡಿ ಹಾಡಿನ ಸುಖವೂ ತಪ್ಪುವುದಿಲ್ಲ.

ಉತ್ತರ 2:

ಮೇಲಿನವರ ಸಲಹೆಯನ್ನು ಒಪ್ಪುತ್ತೇನೆ, ಆದರೆ ಬಿಡಿ ಹಾಡು ಕೇಳುವುದು ಕಡಿಮೆ ದರ್ಜೆಯ ರೂಢಿಯೆಂದು ನೀವು ಭಾವಿಸಬೇಕಿಲ್ಲ. 1949ರಲ್ಲಿ ಬಂದ 45 ಸುತ್ತಿನ ಚಿಕ್ಕ ತಟ್ಟೆಗೆಂದೇ ಹಾಡಿದ ಎಷ್ಟೋ ಹಾಡುಗಳು ಒಂಟಿಯಾಗಿ ನಿಲ್ಲಲೆಂದೇ ಹುಟ್ಟಿದವು. ಅವುಗಳಿಗೆ ಆಲ್ಬಂನ ಆಸರೆ ಬೇಕಿಲ್ಲ. ಇನ್ನೊಂದು ಕಡೆ, 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ. ಒಂದು ಗಂಟೆಗೂ ಮೀರಿದ ಜಾಗ ಕೊಟ್ಟಿತು, ಮತ್ತು ಆ ಜಾಗ ತುಂಬಲೆಂದೇ ಸೇರಿಸಿದಂತೆ ಕೇಳುವ ಹಾಡುಗಳು ಬಹಳಷ್ಟು ಆಲ್ಬಂಗಳಲ್ಲಿವೆ. 2003ರ ಏಪ್ರಿಲ್‌ನಲ್ಲಿ ಆ್ಯಪಲ್ ಕಂಪನಿಯ ಐಟ್ಯೂನ್ಸ್ ಎಂಬ ಅಂತರ್ಜಾಲ ಅಂಗಡಿ ಅಮೆರಿಕದಲ್ಲಿ ಹಾಡೊಂದಕ್ಕೆ 99 ಸೆಂಟಿನಂತೆ ಮಾರಾಟ ಆರಂಭಿಸಿದಾಗ, ಒಂದೇ ಹಾಡಿಗಾಗಿ ಇಡೀ ಸಿ.ಡಿ.ಗೆ ಹಣ ತೆರಬೇಕಾಗಿದ್ದ ಕೇಳುಗರಿಗೆ ನ್ಯಾಯವೇ ದೊರಕಿತೆಂದು ನಾನು ನಂಬುತ್ತೇನೆ. ಹಲವರ ಹಾಡುಗಳನ್ನು ಕೂಡಿಸಿದ ಸಂಕಲನವಾಗಿದ್ದರೆ ಬೇಕಾದುದನ್ನಷ್ಟೇ ಇಳಿಸಿಕೊಳ್ಳಿ. ಒಂದೇ ತಂಡ ಒಂದೇ ಕಾಲದಲ್ಲಿ ಧ್ವನಿಮುದ್ರಿಸಿದ್ದಾಗಿದ್ದರೆ ಪೂರ್ತಿ ಕೇಳಿ.

ಉತ್ತರ 3:

ಜಾಗದ ಲೆಕ್ಕ ನೀವು ಅಂದುಕೊಂಡಷ್ಟು ಭಾರವಲ್ಲ. 320 ಕೆಬಿಪಿಎಸ್‌ನ (ಸೆಕೆಂಡಿಗೆ ಇಷ್ಟು ಕಿಲೋಬಿಟ್ ಎಂಬ ಅಳತೆ) ಎಂಪಿ3 ನಿಮಿಷಕ್ಕೆ ಸುಮಾರು 2.4 ಎಂಬಿ ತೆಗೆದುಕೊಳ್ಳುತ್ತದೆ, ಆದ್ದರಿಂದ 40 ನಿಮಿಷದ ಆಲ್ಬಂಗೆ 100 ಎಂಬಿಗಿಂತ ಸ್ವಲ್ಪ ಕಡಿಮೆ ಸಾಕು. 128 ಕೆಬಿಪಿಎಸ್ ಆದರೆ 40 ಎಂಬಿಯೊಳಗೇ ಮುಗಿಯುತ್ತದೆ.

ಹೆಚ್ಚು ಗಮನ ಬೇಕಾದದ್ದು ಪ್ಲೇಯರಿನ ಸೆಟ್ಟಿಂಗ್‌ಗಳಿಗೆ. ಎಂಪಿ3 ಮಾಡುವಾಗ ಕಡತದ ಮೊದಲಿಗೂ ಕೊನೆಗೂ ಚೂರು ಮೌನ ಸೇರಿಕೊಳ್ಳುತ್ತದೆ; ಒಂದು ಹಾಡು ಇನ್ನೊಂದರೊಳಕ್ಕೆ ಹರಿಯುವ ಆಲ್ಬಂಗಳಲ್ಲಿ ಅದು ತುಂಡರಿಸಿದಂತೆ ಕೇಳಿಸುತ್ತದೆ. ಹಾಡುಗಳ ನಡುವೆ ಬಿಡುವಿಲ್ಲದೆ ನುಡಿಸುವ ಗ್ಯಾಪ್‌ಲೆಸ್ ಪ್ಲೇಬ್ಯಾಕ್ ಇರುವ ಪ್ಲೇಯರ್ ಬಳಸಿ, ಇಲ್ಲವೇ ಜಾಗವಿದ್ದರೆ ದನಿಯ ಗುಣಮಟ್ಟ ಕುಂದದ ಫ್ಲ್ಯಾಕ್ ಕಡತಗಳನ್ನು ಇಟ್ಟುಕೊಳ್ಳಿ. ದನಿಯ ಮಟ್ಟ ಸರಿದೂಗಿಸುವ ರೀಪ್ಲೇಗೇನ್ ಸೌಲಭ್ಯದಲ್ಲಿ ಟ್ರ್ಯಾಕ್, ಆಲ್ಬಂ ಎಂಬ ಎರಡು ಆಯ್ಕೆಗಳಿರುತ್ತವೆ. ಟ್ರ್ಯಾಕ್ ಆರಿಸಿದರೆ ಎಲ್ಲ ಹಾಡುಗಳೂ ಒಂದೇ ಜೋರಿಗೆ ಬಂದು, ಮೊದಲ ಉತ್ತರದಲ್ಲಿ ಹೇಳಿರುವ ಆ ತಗ್ಗು ದನಿಯ ಹಾಡು ತನ್ನ ಗುಣವನ್ನೇ ಕಳೆದುಕೊಳ್ಳುತ್ತದೆ. ಆಲ್ಬಂ ಆರಿಸಿದರೆ ಹಾಡು ಹಾಡಿನ ನಡುವಿನ ಏರಿಳಿತ ಹಾಗೇ ಉಳಿಯುತ್ತದೆ. ಕಡೆಯದಾಗಿ, ಪ್ರತಿ ಕಡತದೊಳಗೇ ಇರುವ ವಿವರಪಟ್ಟಿಯಾದ ಟ್ಯಾಗ್‌ನಲ್ಲಿ ಹಾಡಿನ ಕ್ರಮಸಂಖ್ಯೆ ಇದೆಯೇ ಎಂದು ನೋಡಿಕೊಳ್ಳಿ, ಏಕೆಂದರೆ ಅದಿಲ್ಲದಿದ್ದರೆ ಅನೇಕ ಪ್ಲೇಯರ್‌ಗಳು ಹಾಡುಗಳನ್ನು ಹೆಸರಿನ ಅಕ್ಷರಕ್ರಮದಲ್ಲಿ ನುಡಿಸುತ್ತವೆ.